ಹಡಗು ತಿರುಗಿದ ದಿನ ಕೇಳಿದ ಉಸಿರು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ. ಹೇಳಿದರೆ ನಗುತ್ತಾರೆ. ನಡೆಯುವುದೇ ನನ್ನ ಕೆಲಸ. ಕೊಂಕಣದ ಕರಾವಳಿಯಿಂದ ಘಟ್ಟ ಹತ್ತಿ ಬರುವ ಗ್ಯಾಸ್ ಪೈಪು ನಮ್ಮ ಖಾನಾಪುರ ತಾಲೂಕಿನ ಹೊಲಗಳ ಕೆಳಗೆ ಹಾದು ಹೋಗುತ್ತದೆ. ಅದರ ಮೇಲೆ ದಿನಾ ಎಂಟು ಕಿಲೋಮೀಟರು ನಾನು ನಡೆಯಬೇಕು. ಯಾರಾದರೂ ಅಗೆದಿದ್ದಾರೆಯೇ, ಎಲ್ಲಾದರೂ ಹುಲ್ಲು ಸುಮ್ಮಸುಮ್ಮನೆ ಒಣಗಿದೆಯೇ, ನೆಲದಿಂದ ಸುಂಯ್ ಎಂಬ ಸದ್ದು ಬರುತ್ತಿದೆಯೇ ಎಂದು ನೋಡಬೇಕು. ಕೊರಳಿಗೆ ಒಂದು ಡಬ್ಬಿ ನೇತುಹಾಕಿದ್ದಾರೆ. ನಾನು ಎಲ್ಲಿ ನಿಂತೆ, ಎಷ್ಟು ಹೊತ್ತು ಕೂತೆ ಎಲ್ಲವೂ ಬೆಳಗಾವಿಯ ಆಫೀಸಿಗೆ ಗೊತ್ತಾಗುತ್ತದೆ. ನಮ್ಮಪ್ಪ ಕುರಿಗಳ ಹಿಂದೆ ನಡೆದ, ನಾನು ಕಣ್ಣಿಗೆ ಕಾಣದ್ದರ ಹಿಂದೆ ನಡೆಯುತ್ತೇನೆ. ಆದರೆ ನನ್ನ ಸಂಬಳಕ್ಕೆ ಕುರಿಗಳಂತೆ ರೋಗ ಬರುವುದಿಲ್ಲ.

ಪೈಪಿನ ಎರಡೂ ಬಾಜು ಹಳದಿ ಗೂಟ ನೆಟ್ಟಿದ್ದಾರೆ. ಆ ಗೂಟಗಳ ನಡುವಿನ ಪಟ್ಟಿಯಲ್ಲಿ ಜೋಳ ಬಿತ್ತಬಹುದು, ಕುರಿ ಮೇಯಿಸಬಹುದು. ಮನೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ, ಹೆಣ ಹೂಳುವಂತಿಲ್ಲ. ಗೂಟದ ಬೋರ್ಡಿನಲ್ಲಿ ಆ ಕೊನೆಯ ಸಾಲು ಕಂಡಾಗಲೆಲ್ಲ ನಾನು ಮುಖ ತಿರುಗಿಸಿ ಬೇಗ ಬೇಗ ನಡೆಯುತ್ತಿದ್ದೆ. ಯಾಕೆಂದರೆ ನಮ್ಮಪ್ಪನನ್ನು ಹೂಳಿದ್ದು ಅದೇ ಪಟ್ಟಿಯಲ್ಲಿ, ಮತ್ತು ಅದು ಗೊತ್ತಿದ್ದವನು ನಾನೊಬ್ಬನೇ ಎಂದು ನಾನು ಹನ್ನೊಂದು ವರ್ಷ ನಂಬಿಕೊಂಡಿದ್ದೆ.

ಆದದ್ದು ಹೀಗೆ. ಅಪ್ಪ ಸತ್ತ ಮೂರು ವರ್ಷಕ್ಕೆ, ಎರಡು ಸಾವಿರದ ಹನ್ನೊಂದರ ಮಳೆಗಾಲದಲ್ಲಿ, ಸರ್ವೆಯವರು ಬಂದರು. ನಮ್ಮ ಕಡೆ ಮಳೆಗಾಲದಲ್ಲಿ ಕುರಿ ಉಳಿಯುವುದಿಲ್ಲ, ಗೊರಸು ಕೊಳೆಯುತ್ತದೆ. ಅದಕ್ಕೆ ಅವ್ವ ಮತ್ತು ಸೋದರಮಾವ ಹಿಂಡು ಹೊಡೆದುಕೊಂಡು ಮೂಡಣ ಸೀಮೆಗೆ ಹೋಗಿದ್ದರು. ಮನೆಯಲ್ಲಿ ನಾನು, ನನ್ನ ಹೆಂಡತಿ ಮಾಲಾ, ಚಿಕ್ಕ ಮಗಳು ಅಷ್ಟೇ. ಹೊಲದಲ್ಲಿ ಸಮಾಧಿ ಇದ್ದರೆ ಪೈಪಿನ ದಾರಿ ಬಾಜೂ ಹೊಲಕ್ಕೆ, ತಮ್ಮಣ್ಣನ ಹೊಲಕ್ಕೆ, ಬಾಗುತ್ತದೆ ಎಂದು ಊರಲ್ಲಿ ಸುದ್ದಿ. ಯಾರ ಹೊಲದಲ್ಲಿ ಪೈಪು ಹೋಗುತ್ತದೋ ಆ ಮನೆಗೊಂದು ಕೆಲಸ ಎಂಬುದೂ ಸುದ್ದಿ. ತಮ್ಮಣ್ಣನಿಗೆ ಕೆಲಸ ಸಿಗುವುದೆಂದರೆ ನನಗೆ ಮೈಯೆಲ್ಲ ಉರಿ. ಒಂದು ಮಧ್ಯಾಹ್ನ, ಸರ್ವೆಯವರು ಊಟಕ್ಕೆ ಹೋದಾಗ, ಅಪ್ಪನ ತಲೆಗಲ್ಲನ್ನು ಕಿತ್ತು, ಮೂವತ್ತು ಹೆಜ್ಜೆ ಆಚೆ, ಬದುವಿನ ಮತ್ತಿ ಮರದ ಬುಡಕ್ಕೆ ಒಯ್ದು ನೆಟ್ಟೆ.

"ಇಲ್ಲಿ ಗುಡಿ, ಬಾವಿ, ಸಮಾಧಿ ಏನರೆ ಅದಾವೇನ್ರಿ?" ಎಂದು ಕೇಳಿದರು.

"ಏನೂ ಇಲ್ರೀ."

"ಆ ಗಿಡದ ಬುಡಕ್ಕಿನ ಕಲ್ಲು?"

"ಕುರಿ ಕಟ್ಟೂ ಕಲ್ರೀ ಅದು."

ಕಾಗದದ ಮೇಲೆ ಸಹಿ ಹಾಕಿದೆ. ಅಪ್ಪನನ್ನು ಕುರಿ ಕಟ್ಟುವ ಕಲ್ಲು ಮಾಡಿ ಕೆಲಸ ತೆಗೆದುಕೊಂಡವ ನಾನು. ಬೈಯುವವರು ಬೈಯಿರಿ, ನನಗೆ ನಾನೇ ಅದಕ್ಕಿಂತ ಹೆಚ್ಚು ಬೈದುಕೊಂಡಿದ್ದೇನೆ.

ದಸರೆ ಕಳೆದ ಮೇಲೆ ಅವ್ವ ಭರಮವ್ವ ಹಿಂದಿರುಗಿದಳು. ಅಷ್ಟರಲ್ಲಿ ಪಟ್ಟಿಯ ಗಿಡಗಂಟಿ ಎಲ್ಲ ಕಡಿದು, ಹೊಲದ ಗುರುತೇ ಹೋಗಿತ್ತು. ಅವಳು ಮತ್ತಿ ಮರದ ಹತ್ತಿರ ಸ್ವಲ್ಪ ಹೊತ್ತು ನಿಂತಳು, ಕಲ್ಲಿನ ಮೇಲೆ ಕೈ ಇಟ್ಟಳು, ಏನೂ ಕೇಳಲಿಲ್ಲ. ನಾನು ಬದುಕಿದೆ ಅಂದುಕೊಂಡೆ. ಮರುಬೇಸಿಗೆಯಲ್ಲಿ ಯಂತ್ರ ಬಂದು ಪಟ್ಟಿಯಲ್ಲಿ ಆಳುದ್ದ ತೋಡಿದಾಗ ನಾನು ಎರಡು ದಿನ ಉಣ್ಣದೆ ಅಲ್ಲೇ ನಿಂತಿದ್ದೆ. ಒಂದು ಎಲುಬಿನ ಚೂರೂ ಮೇಲೆ ಬರಲಿಲ್ಲ. ಮಣ್ಣು ತಿಂದಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಪೈಪಿನಲ್ಲಿ ಗ್ಯಾಸು ಓಡಲು ಶುರುವಾದ ಮೇಲೆ ಅವ್ವನದು ಹೊಸ ಚಾಳಿ. ಕುರಿ ಕಾಯುವವರು ನೆಲಕ್ಕೆ ಕಿವಿಗೊಟ್ಟು ದೂರದ ಹಿಂಡಿನ ಕಾಲಸಪ್ಪಳ ಕೇಳುತ್ತಾರೆ, ಅವಳಿಗೆ ಅದು ಚಿಕ್ಕಂದಿನಿಂದ ರೂಢಿ. ಈಗ ಪ್ರತಿ ಅಮಾವಾಸ್ಯೆಗೆ ಕಲ್ಲಿಗೆ ಎಡೆ ಇಟ್ಟು, ಅದರ ಬುಡದಲ್ಲಿ ಅಡ್ಡ ಬಿದ್ದು, ನೆಲಕ್ಕೆ ಕಿವಿ ಹಚ್ಚುವಳು. ಎದ್ದು ಸೆರಗು ಕೊಡವುತ್ತ, "ನಿಮ್ಮಪ್ಪ ಉಸರ ಆಡಾಕತ್ತಾನ ನಾಗ್ಯಾ. ಚಲೋ ಅದಾನ," ಅನ್ನುವಳು.

ನಾನು ನಗುತ್ತಿದ್ದೆ. ಪೈಪಿನ ಸದ್ದು ನೆಲದಲ್ಲಿ ಹರಿದು ಬರುತ್ತದೆ, ಇವಳು ಅದನ್ನು ಗಂಡ ಅಂದುಕೊಂಡಿದ್ದಾಳೆ. ಅಂದುಕೊಳ್ಳಲಿ ಬಿಡು, ಯಾರಿಗೇನು ನಷ್ಟ! ಆದರೆ ನಾನು ಮಾತ್ರ ಒಮ್ಮೆಯೂ ಅಲ್ಲಿ ಕಿವಿಗೊಡಲಿಲ್ಲ.

ಹೀಗೆ ವರ್ಷಗಳು ಹೋದವು. ಎರಡು ಸಾವಿರದ ಇಪ್ಪತ್ತೆರಡರ ಶಿವರಾತ್ರಿಯ ಹೊತ್ತಿಗೆ ಉಕ್ರೇನಿನಲ್ಲಿ ಯುದ್ಧ ಶುರುವಾಗಿತ್ತು. ನಮಗೇನು? ಟಿವಿಯಲ್ಲಿ ನೋಡಿ ಅಯ್ಯೋ ಪಾಪ ಅಂದು ಚಾನೆಲ್ ಬದಲಿಸುತ್ತಿದ್ದೆವು. ಮಾರ್ಚಿನ ಒಂದು ಬೆಳಿಗ್ಗೆ ಅವ್ವ ಹೊಲದಿಂದ ಬಂದವಳು ರೊಟ್ಟಿಯ ತಾಟನ್ನು ಹಿಂದೆ ಸರಿಸಿದಳು.

"ಯಾಕ?" ಎಂದಳು ಮಾಲಾ. "ಪಲ್ಲೆ ಸೇರಲಿಲ್ಲೇನು ಅತ್ತಿ?"

"ಅವನ ಉಸರ ಸಣ್ಣದಾಗೇತಿ. ನಿನ್ನಿಗಿಂತ ಇವತ್ತ ಸಣ್ಣದು. ನನಗ ತುತ್ತ ಇಳ್ಯಾಂಗಿಲ್ಲ."

ಅಂದಿನಿಂದ ಅವಳು ದಿನಾ ಹೋಗಿ ಕೇಳತೊಡಗಿದಳು, ದಿನಾ ಒಂದು ತುತ್ತು ಕಡಿಮೆ ಮಾಡತೊಡಗಿದಳು. ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಅನ್ನ. ಎರಡು ವಾರಕ್ಕೆ ಬರೀ ಗಂಜಿನೀರು. ಎಪ್ಪತ್ತು ದಾಟಿದ ಜೀವ, ಕೈಯ ಬಳೆ ಮೊಣಕೈತನಕ ಜಾರುತ್ತಿತ್ತು. ನಾನು ಬೈದೆ, ಕೈಮುಗಿದೆ, ಖಾನಾಪುರದ ಡಾಕ್ಟರನ್ನು ಕರೆತಂದೆ. ಅವರು ನಾಡಿ ಹಿಡಿದು, "ರೋಗ ಏನಿಲ್ಲ, ಹಿಂಗ ಬಿಟ್ರ ಮಾತ್ರ ಉಳಿಯಂಗಿಲ್ಲ," ಎಂದು ಹೇಳಿ ಹೋದರು.

ತಿಂಗಳ ಮೀಟಿಂಗಿಗೆ ಬೆಳಗಾವಿಗೆ ಹೋದೆ. ನಮ್ಮ ಆಫೀಸು ಟಿಳಕವಾಡಿಯಲ್ಲಿ, ರೈಲ್ವೆ ಗೇಟಿನಿಂದ ಸ್ವಲ್ಪ ಮುಂದೆ. ಇಂಜಿನಿಯರು ಮೇಘಾ ಮೇಡಂ ಶಿವಬಸವ ನಗರದವರು. ನಮ್ಮಂಥವರ ಹತ್ತಿರವೂ ಕುಂದರ್ರಿ ಅಂದು ಮಾತಾಡುವ ಹೆಣ್ಣುಮಗಳು. ಮೀಟಿಂಗು ಮುಗಿದ ಮೇಲೆ ಕೇಳಿದೆ, "ಮೇಡಂ, ಪೈಪಿನ್ಯಾಗ ಗ್ಯಾಸ್ ಕಡಿಮಿ ಆಗೇತೇನ್ರಿ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನಿಮಗ ಯಾರ ಹೇಳಿದ್ರು?"

"ನಮ್ಮವ್ವ."

ಅವರು ನಕ್ಕು, ಮೊಬೈಲು ತೆಗೆದು ತೋರಿಸಿದರು. ನೀಲಿ ಸಮುದ್ರದ ತುಂಬ ಇರುವೆಯಷ್ಟು ಸಣ್ಣ ಬಾಣಗಳು, ಒಂದೊಂದೂ ಒಂದು ಹಡಗು. ಗ್ಯಾಸನ್ನು ಥಂಡಿ ಮಾಡಿ ನೀರಾಗಿಸಿ ಹಡಗಿನಲ್ಲಿ ತುಂಬುತ್ತಾರೆ, ಅದು ಕರಾವಳಿಗೆ ಬಂದು ಮತ್ತೆ ಗ್ಯಾಸಾಗಿ ನಮ್ಮ ಪೈಪಿಗೆ ಇಳಿಯುತ್ತದೆ.

"ಇದು ನಮಗ ಬರಬೇಕಿದ್ದ ಹಡಗು, ನೋಡ್ರಿ," ಎಂದರು ಮೇಡಂ. "ಯುರೋಪಿನವರಿಗೆ ರಷ್ಯಾದ ಗ್ಯಾಸ್ ಮ್ಯಾಲೆ ಭರವಸಾ ಹೋಗೇತಿ. ಹಂಗಾಗಿ ಸಮುದ್ರದಾಗ ತೇಲೋ ಗ್ಯಾಸೆಲ್ಲಾ ಎಷ್ಟ ಕೇಳತೀರಿ ಅಷ್ಟ ಕೊಡತೀವಿ ಅಂತ ಕೊಳ್ಳಾಕತ್ತಾರ. ಮಾರಾಂವ ಕರಾರು ಮುರದಿದ್ದಕ್ಕ ನಮಗ ದಂಡಾ ಕಟ್ಟಿದಾ, ಹಡಗಾ ಅತ್ಲಾಗ ತಿರಗಿಸಿದಾ. ದಂಡಾ ಕಟ್ಟಿನೂ ಅವಂಗ ಲಾಭನ."

"ಅರ್ಧ ದಾರಿಗಿ ಬಂದದ್ದು ತಿರುಗತೈತೇನ್ರಿ?"

"ತಿರಗತಲ್ರೀ. ಹತ್ತನೇ ತಾರೀಖು ಮುಂಜಾನೆ ತಿರಗೇತಿ."

ನಾನು ಬೆರಳು ಮಡಚಿ ದಿನ ಎಣಿಸಿದೆ. ಅವ್ವ ತಾಟು ಸರಿಸಿದ್ದು ಅದೇ ಬೆಳಿಗ್ಗೆ.

ಬೆಳಗಾವಿಯೂ ಆ ದಿನ ನನಗೆ ಬೇರೆಯಾಗಿ ಕಂಡಿತು. ಮನೆಮನೆಗೆ ಗ್ಯಾಸು ಕೊಡುತ್ತೇವೆ ಎಂದು ಶಿವಬಸವ ನಗರದಲ್ಲಿ ಅಗೆದಿದ್ದ ತಗ್ಗುಗಳು ಹಾಗೇ ಬಿದ್ದಿದ್ದವು, ಹಳದಿ ಪೈಪಿನ ಸುರುಳಿಗಳ ಮೇಲೆ ನಾಯಿ ಮಲಗಿತ್ತು. ದುಡ್ಡು ಹಾಕುವವರು ಕೈ ಹಿಂದೆ ತೆಗೆದಿದ್ದಾರಂತೆ. ಉದ್ಯಮಬಾಗದಲ್ಲಿ ಗ್ಯಾಸಿನ ಭಟ್ಟಿ ಹಾಕಿಸಿದ್ದ ಕಾರ್ಖಾನೆಯವರು ಮತ್ತೆ ಎಣ್ಣೆಯ ಭಟ್ಟಿ ಹೊತ್ತಿಸಿದ್ದಾರಂತೆ. ಎಲ್ಲಿಯ ಉಕ್ರೇನು, ಎಲ್ಲಿಯ ನಮ್ಮವ್ವನ ಗಂಜಿ! ಸಿಟ್ಟು ಬಂತು, ಆದರೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಕ್ಯಾಂಪಿನ ಬೇಕರಿಯಲ್ಲಿ ಅವ್ವನಿಗೆ ಇಷ್ಟದ ಖಾರಾ ಬಿಸ್ಕೀಟು ಕಟ್ಟಿಸಿಕೊಂಡು ಊರಿಗೆ ಬಂದೆ. ಅವಳು ಪೊಟ್ಟಣ ಮೂಸಿ ನೋಡಿ, ಮಾಲಾಳ ಕೈಗೆ ಕೊಟ್ಟಳು.

ಯುಗಾದಿಗೆ ನಾಲ್ಕು ದಿನ ಇರುವಾಗ ಮೇಡಂ ಫೋನು ಮಾಡಿದರು. ಹೇಗೂ ಗ್ಯಾಸು ಕಡಿಮೆ ಇದೆ, ಬಾಕಿ ಉಳಿದ ವಾಲ್ವ್ ರಿಪೇರಿ ಮಾಡುತ್ತೇವೆ, ನಾಳೆ ಮುಂಜಾನೆ ಹತ್ತರಿಂದ ಸಂಜೆ ಆರರತನಕ ನಮ್ಮ ಭಾಗದ ಪೈಪನ್ನು ಎರಡೂ ತುದಿಗೆ ಮುಚ್ಚುತ್ತೇವೆ ಎಂದರು. "ಒಂದ ಚೂರೂ ಗ್ಯಾಸ್ ಹರಿಯಂಗಿಲ್ಲ. ನೀವು ಲೈನ್ ಮ್ಯಾಲೆ ಇರ್ರಿ."

ನನಗೆ ತಟ್ಟನೆ ಹೊಳೆಯಿತು. ಪೈಪು ಮುಚ್ಚಿದಾಗ ಅವ್ವನನ್ನು ಕರೆದೊಯ್ದು ಕೇಳಿಸಬೇಕು. ಸದ್ದು ಪೂರ್ತಿ ನಿಂತಿರುತ್ತದೆ. ಆರು ಗಂಟೆಗೆ ವಾಲ್ವ್ ತೆರೆದ ಮೇಲೆ ಮತ್ತೆ ಕೇಳಿಸಬೇಕು. ನೋಡವ್ವ, ಇದು ಗ್ಯಾಸು, ಅಪ್ಪನಲ್ಲ ಎಂದು ಮನಗಾಣಿಸಬೇಕು. ಆಮೇಲಾದರೂ ಉಂಡಾಳು.

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಅವಳನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೊಲಕ್ಕೆ ಹೋದೆ. ಬಿಸಿಲು ಸುಡುತ್ತಿತ್ತು, ಗಾಳಿ ಸತ್ತೇ ಹೋಗಿತ್ತು, ಒಂದು ಎಲೆ ಅಲುಗಲಿಲ್ಲ. ಅವಳನ್ನು ಮತ್ತಿಯ ನೆರಳಿಗೆ ಕೂರಿಸಿ, ಮೊದಲು ನಾನು ಪಟ್ಟಿಯ ನಡುವೆ, ಸರಿಯಾಗಿ ಪೈಪಿನ ಮೇಲೆ, ಅಡ್ಡ ಬಿದ್ದು ಕಿವಿ ಹಚ್ಚಿದೆ. ದಿನಾ ಅಲ್ಲಿ ಹಿಟ್ಟಿನ ಗಿರಣಿಯಂತೆ ಗುಂಯ್ ಅನ್ನುತ್ತಿತ್ತು. ಈಗ ಏನೂ ಇಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಮಣ್ಣು ಬಡಿಯುತ್ತ ಎದ್ದು ಕೂಗಿದೆ, "ಬಂದ್ ಆಗೇತಿ ಅವ್ವಾ! ಖರೇನ ಬಂದ್ ಆಗೇತಿ!"

"ಅಲ್ಲ್ಯಾಕ ಕೇಳತಿ?" ಎಂದಳು ಅವ್ವ. "ಇಲ್ಲಿ ಬಂದು ಕೇಳು."

ಹೋದೆ. ಕಲ್ಲಿನ ಬುಡದಲ್ಲಿ ಅಡ್ಡ ಬಿದ್ದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಕೆಳಗೆ ಪೈಪಿಲ್ಲ, ಅಪ್ಪನಿಲ್ಲ, ನಾನೇ ತಂದು ನೆಟ್ಟ ಕಲ್ಲು. ಏನು ಕೇಳೀತು ಅಲ್ಲಿ?

ಕೇಳಿತು.

ಒಂದು ಸಲ ಎಳೆದುಕೊಂಡಿತು. ನಿಂತಿತು. ನಾನು ಕಾದೆ, ನನ್ನ ಉಸಿರೂ ನಿಂತಿತ್ತು. ಆಮೇಲೆ ಬಿಟ್ಟಿತು, ಕೊನೆಗೆ ಸಣ್ಣದೊಂದು ಗೊರಕೆ. ದಮ್ಮಿನ ರೋಗದ ಮುದುಕ ಅಂಗಳದಲ್ಲಿ ಮಲಗಿದ ಹಾಗೆ. ನಮ್ಮಪ್ಪ ಸತ್ತದ್ದು ದಮ್ಮಿನಿಂದಲೇ.

ನಾನು ಎದ್ದು ಕೂತೆ. "ಕೇಳಿತೇನು?" ಎಂದಳು ಅವ್ವ. ಆ ಗಾಬರಿಯಲ್ಲಿ ಕೈ ತಂತಾನೇ ಕೆಲಸದ ರೂಢಿಯನ್ನು ಹಿಡಿಯಿತು. ನೆಲದಿಂದ ಸದ್ದು ಬಂದರೆ ಮೊದಲು ಆಫೀಸಿಗೆ ತಿಳಿಸಬೇಕು. ತಿಳಿಸಿಬಿಟ್ಟೆ. ಮಳ್ಳ ನಾನು! ತಿಳಿಸಿದರೆ ಮುಂದೇನು ಮಾಡುತ್ತಾರೆಂದು ಯೋಚಿಸಲೇ ಇಲ್ಲ.

ಮೇಘಾ ಮೇಡಂ ವಾಲ್ವಿನ ಹತ್ತಿರವೇ ಇದ್ದರು. ಅರ್ಧ ಗಂಟೆಯೊಳಗೆ ಜೀಪಿನಲ್ಲಿ ಬಂದರು, ಜೊತೆಗೆ ಇಬ್ಬರು ಆಳು. ಗ್ಯಾಸು ಹಿಡಿಯುವ ಯಂತ್ರವನ್ನು ಕಲ್ಲಿನ ಸುತ್ತ ಹಿಡಿದು ನೋಡಿದರು. ಸೊನ್ನೆ. ಗುಂಡಿಯೊತ್ತಿ ಮತ್ತೆ ಹಿಡಿದರು. ಸೊನ್ನೆ. ಆಮೇಲೆ ತಾವೇ ಮೊಣಕಾಲೂರಿ ಕಿವಿಗೊಟ್ಟರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ.

"ಇಲ್ಲಿ ಕೆಳಗ ಏನೈತಿ, ನಾಗಲಿಂಗ ಅವರ?"

"ಏನೂ ಇಲ್ರೀ."

"ಗ್ಯಾಸ್ ಎಲ್ಲಿಂದಾನೋ ಸಂದಿ ಹಿಡದು ಇಲ್ಲಿಗಿ ಬರಾಕತ್ತಿರಬೇಕು. ಯಂತ್ರಕ್ಕ ಹತ್ತವಲ್ದು ಅಷ್ಟ. ತೋಡಿ ನೋಡಬೇಕು." ಅವರು ಆಳುಗಳಿಗೆ ಸನ್ನೆ ಮಾಡಿದರು.

ಆಗ ನನಗೆ ಎಚ್ಚರವಾಯಿತು. ತೋಡಿದರೆ ಗುಂಡಿ ಖಾಲಿ. ಅವ್ವನ ಎದುರಿಗೇ ಖಾಲಿ. ಹನ್ನೊಂದು ವರ್ಷ ಎಡೆ ಇಟ್ಟ ಜಾಗದಲ್ಲಿ ಗಂಡನಿಲ್ಲ, ಅವನ ಮೇಲೆ ಪೈಪು ಹರಿಯುತ್ತಿದೆ, ಅದನ್ನು ಮಾಡಿದವ ಮಗ ಎಂದು ಗೊತ್ತಾದರೆ ಈ ಜೀವ ಇವತ್ತೇ ಹೋಗುತ್ತದೆ.

"ಬ್ಯಾಡ್ರಿ ಮೇಡಂ!" ಗುದ್ದಲಿಗೆ ಅಡ್ಡ ನಿಂತೆ. "ನಮ್ಮಪ್ಪನ ಸಮಾಧಿರಿ ಅದು."

"ಮತ್ತ ಕಾಗದದಾಗ ಇಲ್ಲಿ ಸಮಾಧಿ ಇಲ್ಲ ಅಂತ ನೀವ ಸಹಿ ಮಾಡೀರಿ?" ಮೇಡಂ ದನಿ ಏರಿಸಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಮೂವತ್ತ ಹೆಜ್ಜಿಗಿ ಪೈಪ್ ಐತ್ರಿ. ಊರ ಸುಡೂ ಮಾತಿದು. ಖರೇ ಹೇಳ್ರಿ."

ಅವ್ವ ನೆರಳಿನಿಂದ ಅಂದಳು, "ತೋಡ್ರವಾ, ತೋಡ್ರಿ. ನಾಗ್ಯಾ, ಬಾಜೂ ಸರಿ."

ಗುದ್ದಲಿ ಬಿತ್ತು. ಒಂದೊಂದು ಏಟೂ ನನ್ನ ನೆತ್ತಿಗೆ ಬಿದ್ದ ಹಾಗೆ. ಮೊಣಕಾಲುದ್ದ ತೋಡಿದರು. ಸದ್ದು ಈಗ ನಿಂತವರಿಗೂ ಕೇಳುತ್ತಿತ್ತು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಎರಡು ಉಸಿರಿನ ನಡುವಿನ ಹೊತ್ತು ಉದ್ದವಾಗುತ್ತಿತ್ತು. ನಾನು ತಾಳಲಾರದೆ ಅವ್ವನ ಕಾಲು ಹಿಡಿದುಕೊಂಡೆ.

"ಅವ್ವಾ, ಅಲ್ಲಿ ಯಾರೂ ಇಲ್ಲ. ಕಲ್ಲ ನಾನ ಸರಿಸೀನಿ. ನೀ ಮೂಡಲಕ್ಕ ಹೋದಾಗ ಸರಿಸೀನಿ. ಅಪ್ಪ ಪೈಪಿನ ಕೆಳಗ ಅದಾನ. ಈ ಹಾಳ ಕೆಲಸದ ಸಲುವಾಗಿ ಮಾಡಿದೆ. ನನ್ನ ಬಡಿ, ಬೈಯಿ, ಉಪಾಸ ಮಾತ್ರ ಇರಬ್ಯಾಡ." ನಾನು ಅಳುತ್ತಿದ್ದೆ. ನಲವತ್ತೆರಡು ವರ್ಷದ ಗಂಡಸು, ಆಳುಗಳ ಮುಂದೆ, ಹೆಣ್ಣುಮಗಳ ಮುಂದೆ ಅತ್ತೆ.

ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು. ಕೈ ಹಗುರವಾಗಿತ್ತು.

"ಗೊತ್ತೈತಿ," ಎಂದಳು. "ಹೊಳ್ಳಿ ಬಂದ ದಿನಾನ ಗೊತ್ತಾತು. ಗಂಡನ್ನ ಹುಗದ ಜಾಗಾ ಮರೀತಾರೇನೋ ಮಳ್ಳ? ನೀ ಕೆಲಸದ ಕಾಗದಕ್ಕ ಸಹಿ ಮಾಡಾಕ ಬೆಳಗಾವಿಗಿ ಹೋದ ದಿನಾ ನಾನೂ ನಿಮ್ಮ ಮಾವಾನೂ ಕೂಡಿ ಅವನ್ನ ತಗದ್ವಿ, ಹೊಸ ಕಂಬಳ್ಯಾಗ ಸುತ್ತಿದ್ವಿ, ಇಲ್ಲಿ ತಂದ ಇಟ್ವಿ. ನೀ ಕಲ್ಲ ಸರಿಸಿದಿ, ನಾ ಅವನ್ನ ಸರಿಸಿದೆ."

ಅಷ್ಟರಲ್ಲಿ ಗುದ್ದಲಿಗೆ ಮೆತ್ತಗಿನದೇನೋ ತಾಗಿತು. ಆಳು ಕೈಯಿಂದ ಮಣ್ಣು ಸರಿಸಿದ. ಕರಿ ಕಂಬಳಿಯ ಅಂಚು. ಖಾನಾಪುರದ ಮಳೆಯಲ್ಲಿ ಹತ್ತು ವರ್ಷ ನೆಲದಲ್ಲಿದ್ದ ಉಣ್ಣೆ ಗೊಬ್ಬರವಾಗಿರಬೇಕಿತ್ತು. ಅದು ಮೊನ್ನೆ ಮಗ್ಗದಿಂದ ಇಳಿಸಿದ ಹಾಗಿತ್ತು, ಒಂದು ಎಳೆ ಹರಿದಿರಲಿಲ್ಲ. ಗಾಳಿ ಇರಲಿಲ್ಲ ಎಂದು ಆಗಲೇ ಹೇಳಿದ್ದೇನೆ. ಕಂಬಳಿ ಒಂದು ಸಲ ಮೇಲೆ ಬಂತು, ನಿಧಾನ, ಮತ್ತೆ ಕೆಳಗೆ ಹೋಯಿತು. ಆಳು ಗುದ್ದಲಿ ಬಿಟ್ಟು ಜೀಪಿನತ್ತ ಓಡಿದ.

"ಪೈಪಿನ ಗದ್ದಲದಾಗ ಇವನ ಉಸರ ದೊಡ್ಡದನಸ್ತಿತ್ತು," ಎಂದಳು ಅವ್ವ, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ. "ಪೈಪ್ ಸಣ್ಣಗಾದಮ್ಯಾಲೆ ತಿಳೀತು, ಇವಂದು ಎಷ್ಟ ಉಳದೈತಿ ಅಂತ. ಮಗಾ ಬಾಯಿ ಬಿಟ್ಟ ಹೇಳೂತನಕ ಉಸರ ಹಿಡಕೊಂಡಿದ್ದ. ನಾನೂ ಹಿಡಕೊಂಡಿದ್ದೆ. ಈಗ ಹೇಳಿದಿ."

ಮೇಘಾ ಮೇಡಂ ಒಂದು ಹಿಡಿ ಮಣ್ಣು ತೆಗೆದು ಕಂಬಳಿಯ ಮೇಲೆ ಹಾಕಿದರು. "ಮುಚ್ರಿ," ಎಂದರು. ನಾನೇ ಮುಚ್ಚಿದೆ. ಮಣ್ಣು ಬೀಳುತ್ತಿದ್ದಂತೆ ಕೆಳಗಿನಿಂದ ಒಂದು ಉದ್ದನೆಯ ಉಸಿರು ಬಂತು, ಹೊರೆ ಇಳಿಸಿದವರು ಬಿಡುತ್ತಾರಲ್ಲ, ಹಾಗೆ. ಮೇಡಂ ತಮ್ಮ ರಿಪೋರ್ಟಿನಲ್ಲಿ ಸೋರಿಕೆ ಇಲ್ಲ ಎಂದು ಬರೆದರು. ಸಮಾಧಿಯ ಮಾತನ್ನು ಅವರೂ ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಅಂದು ಸಂಜೆ ಅವ್ವ ಒಂದೂವರೆ ರೊಟ್ಟಿ ತಿಂದಳು, ಮೇಲೆ ಖಾರಾ ಬಿಸ್ಕೀಟು ಎಲ್ಲಿ ಎಂದು ಮಾಲಾಳನ್ನು ಗದರಿಸಿದಳು. ಬೇಸಿಗೆ ಕಳೆಯುವುದರೊಳಗೆ ಬೇರೆ ಯಾವುದೋ ದೇಶದ ಹಡಗು ಬಂತು, ಪೈಪು ಮತ್ತೆ ಗುಂಯ್ ಅನ್ನತೊಡಗಿತು. ಅವ್ವ ಇನ್ನೂ ಎರಡು ವರ್ಷ ಬದುಕಿದಳು. ಅವಳನ್ನು ಮತ್ತಿಯ ಬುಡದಲ್ಲಿ, ಅಪ್ಪನ ಬಾಜೂಕ್ಕೆ ಇಟ್ಟೆವು. ಹೊಸ ಕಂಬಳಿ ನಾನೇ ತಂದೆ.

ಈ ವರ್ಷ ಮತ್ತೆ ಎಲ್ಲ ಕಡೆ ಗದ್ದಲದ ಸುದ್ದಿ. ಯಾವ ಸಮುದ್ರದ ದಾರಿ ಯಾವಾಗ ಮುಚ್ಚುತ್ತದೋ ಎಂಬ ಹೆದರಿಕೆಗೆ, ಗ್ಯಾಸು ಹತ್ತು ಕಡೆಯಿಂದ ಬರಬೇಕು, ಹಳೆಯ ಪೈಪಿನ ಬಾಜೂಕ್ಕೆ ಇನ್ನೊಂದು ಹಾಕಬೇಕು ಎಂದು ಯಾರೋ ದೊಡ್ಡವರು ದುಡ್ಡು ಹೂಡಿದ್ದಾರೆ. ಹೋದ ವಾರ ಸರ್ವೆಯವ ಬಂದ, ಓಂಕಾರ ಎಂದು ಹೆಸರು. ಪಟ್ಟಿ ಅಗಲ ಮಾಡಿದರೆ ಮತ್ತಿ ಮರ ಒಳಗೆ ಬರುತ್ತದೆ. ಈ ಸಲವೂ ಮನೆಗೊಂದು ಕೆಲಸ, ನನ್ನ ಮಗಳು ಓದಿ ಕೂತಿದ್ದಾಳೆ. ತಮ್ಮಣ್ಣ ಬದುವಿನ ಆಚೆ ನಿಂತು ಕಿವಿ ನಿಮಿರಿಸಿಕೊಂಡಿದ್ದ.

"ಕಾಕಾ, ಇಲ್ಲಿ ಗುಡಿ, ಬಾವಿ, ಸಮಾಧಿ ಏನರೆ ಅದಾವೇನ್ರಿ?"

"ಸಮಾಧಿ ಅದಾವಪಾ. ಎರಡು. ಬರಕೋ. ದಾರಿ ತಮ್ಮಣ್ಣನ ಹೊಲಕ್ಕ ತಿರಗಿಸು."

ಅವನು ಗುರುತು ಹಾಕಲು ಬಣ್ಣದ ಡಬ್ಬಿ ಹಿಡಿದು ಕಲ್ಲಿನ ಹತ್ತಿರ ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಆ ದಿನ ಗ್ಯಾಸು ಬಹಳ ಕಡಿಮೆಯಿತ್ತು, ಪೈಪಿನ ಸದ್ದು ಅಡಗಿತ್ತು.

"ಕಾಕಾ, ಇಲ್ಲಿ ಕೆಳಗ ಏನರೆ ಮೋಟಾರ್ ನಡದೈತೇನ್ರಿ? ಒಂದ ನಿಧಾನ ಐತಿ, ಒಂದ ಜೋರ್ ಜೋರ್ ಐತಿ."

"ನಿಧಾನದ್ದು ಅಪ್ಪಂದು," ಎಂದೆ. "ಜೋರಿಂದು ಅವ್ವಂದು. ಮೊದಲಿಂದಾನೂ ಆಕಿಗಿ ಎಲ್ಲಾದಕ್ಕೂ ಅವಸರ."